ಕೆರೆಯ ನಡುವಿನ ಉಬ್ಬು

ಓದುವ ಕನ್ನಡಿಗರಿಗೆ ತಳಕು ಎಂದರೆ ಟಿ.ಎಸ್. ವೆಂಕಣ್ಣಯ್ಯನವರ ಊರು, ತ.ರಾ.ಸು. ಅವರ ಮನೆತನದ ಊರು. ಲಾರಿಯವರಿಗೆ ಚಳ್ಳಕೆರೆ ದಾಟಿ ಬಳ್ಳಾರಿ ಕಡೆಗೆ ಹೊರಟಾಗ ಚಹಾಕ್ಕೆ ಇಳಿಯುವ ಜಾಗ. ನಾನು ಈ ಸೀಮೆಯ ಕೆರೆಗಳ ಮಟ್ಟ ಅಳೆದುಕೊಂಡೇ ತಲೆ ನರೆತವನು. ನನ್ನ ಮಟ್ಟಿಗೆ ಇದು ಮೋಡ ನೋಡಿ ಬದುಕುವ ಊರು. ಮಲೆನಾಡಿನಲ್ಲಿ ಒಂದು ವಾರದಲ್ಲಿ ಬೀಳುವ ಮಳೆ ಇಲ್ಲಿ ಎಷ್ಟೋ ವರ್ಷ ಹನ್ನೆರಡು ತಿಂಗಳಿಗೂ ಬಿದ್ದದ್ದಿಲ್ಲ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಎಂದು ಪುಸ್ತಕದಲ್ಲಿದೆ. ಶೇಂಗಾ ಬಿತ್ತಿದವನನ್ನು ಕೇಳಿದರೆ ಅದೂ ಹೆಚ್ಚಾಯಿತು ಎನ್ನುತ್ತಾನೆ. ಬಿಸಿಲು ಹೀರಿಕೊಳ್ಳುವ ನೀರು ಇದರ ಮೂರು ಪಟ್ಟಿಗೂ ಮೀರಿದ್ದು.

ಇಂಥ ಊರಿನ ಕಡೆಯವನು ಕೃತಕ ದ್ವೀಪಗಳ ಬಗ್ಗೆ ಬರೆಯಲು ಕಾರಣವಿದೆ. 2022ರಲ್ಲಿ ನಮ್ಮ ಭಾಗಕ್ಕೆ ಮಳೆ ಹುಯ್ದದ್ದು ಎಲ್ಲರಿಗೂ ನೆನಪಿದೆ. ಒಣಗಿ ಬಳ್ಳಾರಿ ಜಾಲಿ ಬೆಳೆದಿದ್ದ ಕೆರೆಗಳು ತುಂಬಿದವು, ಎಷ್ಟೋ ಕಡೆ ಹುಡುಗರು ಹುಟ್ಟಿದ ಮೇಲೆ ಮೊದಲ ಸಲ ಕೋಡಿ ಹರಿಯುವುದನ್ನು ಕಂಡರು. ಆ ಸಂತೋಷದ ಬೆನ್ನಿಗೇ ಒಂದು ಮಾತು ಹುಟ್ಟಿತು: ಕೆರೆಯ ನಡುವೆ ಒಂದು ಎಕರೆಯ ದ್ವೀಪ ಮಾಡೋಣ, ಅದರ ಮೇಲೊಂದು ದೊಡ್ಡ ಪ್ರತಿಮೆ, ಸುತ್ತ ಹುಲ್ಲುಹಾಸು, ಬಣ್ಣದ ದೀಪ, ಹೋಗಿಬರಲು ದೋಣಿ. ಹೆದ್ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ, ಊರಿಗೆ ನಾಲ್ಕು ಕಾಸು ಬರುತ್ತದೆ. ಯಾರೋ ಕಂಪ್ಯೂಟರಿನಲ್ಲಿ ನಕ್ಷೆಯನ್ನೂ ಬರೆಸಿಕೊಂಡು ಬಂದಿದ್ದರು. ನಕ್ಷೆಯಲ್ಲಿದ್ದ ನೀರು ಅಚ್ಚ ನೀಲಿ. ನಮ್ಮ ಕೆರೆಯ ನೀರು ಎಂದೂ ಆ ಬಣ್ಣಕ್ಕೆ ತಿರುಗಿದ್ದಿಲ್ಲ, ಅದು ಕೆಮ್ಮಣ್ಣಿನ ನೀರು. ಮಟ್ಟ ನೋಡಿ ಹೇಳಿ ಎಂದು ನನ್ನನ್ನು ಕೇಳಿದರು. ಮಟ್ಟ ನೋಡುವ ಮೊದಲು ನಾನು ಹಳೆಯ ಪುಸ್ತಕಗಳನ್ನು ತೆಗೆದೆ.

ಕೆರೆಯ ನಡುವೆ ಮಣ್ಣು ಎತ್ತರಿಸುವ ವಿಚಾರಕ್ಕೆ ನಮ್ಮ ಹಿರಿಯರು ಆರೂವರೆ ಶತಮಾನದ ಹಿಂದೆಯೇ ಕಲ್ಲಿನ ಮೇಲೆ ಉತ್ತರ ಬರೆದಿಟ್ಟಿದ್ದಾರೆ. ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಶಾಸನವಿದೆ. ಇಸವಿ 1369. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಅಲ್ಲೊಂದು ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ಕಲ್ಲು ಹೊರಲು ನೂರು ಬಂಡಿ, ಎರಡು ವರ್ಷದ ಕೆಲಸ. ಲೆಕ್ಕವೆಲ್ಲ ಅದರಲ್ಲೇ ಇದೆ. ಕಟ್ಟಿಸಿದವನ ಹೊಗಳಿಕೆಗೆ ಮಾತ್ರ ನಿಲ್ಲದೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಆ ಶಾಸನ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ದೋಷ. ಸವಳು ನೆಲ ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದು ದೋಷ. ನೀರು ಕಡಿಮೆಯಿದ್ದು ಅಚ್ಚುಕಟ್ಟು ಹೆಚ್ಚಿದ್ದರೂ, ನೀರು ಹೆಚ್ಚಿದ್ದು ಅಚ್ಚುಕಟ್ಟು ಕಡಿಮೆಯಿದ್ದರೂ ದೋಷ. ಉಳಿದ ಒಂದು ದೋಷ, ಕೆರೆಯ ಅಂಗಳದ ನಡುವೆ ಆಮೆಯ ಬೆನ್ನಿನಂತೆ ಎದ್ದ ಉಬ್ಬು.

ಮೊದಲ ಸಲ ಇದನ್ನು ಓದಿದಾಗ ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಹಿಂದಿನವರು ದೋಷವೆಂದು ಎಣಿಸಿ, ಜಾಗ ಆರಿಸುವಾಗಲೇ ಬೇಡವೆಂದದ್ದನ್ನು ನಾವು ಈಗ ದುಡ್ಡು ಕೊಟ್ಟು ಮಾಡಿಸಲು ಹೊರಟಿದ್ದೇವೆ.

ಕಾರಣ ಕೆರೆ ಕಟ್ಟುವವನಿಗೆ ಗೊತ್ತು. ಬಯಲುಸೀಮೆಯ ಕೆರೆ ಆಳದ ಪಾತ್ರೆಯಲ್ಲ. ಎರಡು ದಿಣ್ಣೆಗಳ ನಡುವಿನ ತಗ್ಗಿಗೆ ಅಡ್ಡ ಏರಿ ಹಾಕಿ ನಿಲ್ಲಿಸಿದ ತೆಳುವಾದ ನೀರು ಅದು. ತೂಬಿನ ಬಳಿ ಹತ್ತು ಹನ್ನೆರಡು ಅಡಿ, ಹಿನ್ನೀರಿನ ಕಡೆ ಮೊಣಕಾಲುದ್ದ. ಹೆಚ್ಚು ಹೊತ್ತು ಉಳಿಯುವ ನೀರೆಲ್ಲ ನಡುವಿನಿಂದ ತೂಬಿನವರೆಗಿನ ಆಳದ ಭಾಗದಲ್ಲೇ ಇರುತ್ತದೆ. ಅಲ್ಲಿ ಮಣ್ಣು ತುಂಬಿದರೆ ಹೋಗುವುದು ಮಾಘ, ಫಾಲ್ಗುಣದ ನೀರು, ಎಂದರೆ ದನಕರುಗಳಿಗೆ ಬೇಸಗೆಯಲ್ಲಿ ಉಳಿಯಬೇಕಾದ ನೀರು. ಹಿನ್ನೀರಿನ ತೆಳುನೀರು ಹೇಗೂ ಬಿಸಿಲಿನ ಪಾಲು.

ನಮ್ಮ ಸೀಮೆಯಲ್ಲಿ ಕೆರೆಯ ಮಣ್ಣನ್ನು ಎತ್ತುವುದಕ್ಕೆ ಒಂದು ಪದ್ಧತಿಯೇ ಇತ್ತು. ಯುಗಾದಿ ಕಳೆದು ಅಂಗಳ ಬಿರುಕು ಬಿಟ್ಟ ಮೇಲೆ ಊರಿನ ಬಂಡಿಗಳೆಲ್ಲ ಕೆರೆಗೆ ಇಳಿಯುತ್ತಿದ್ದವು. ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುವುದು ಗೊಬ್ಬರ ಹೊಡೆದಷ್ಟೇ ಮುಖ್ಯದ ಕೆಲಸ. ನನ್ನ ಅಪ್ಪ ಆ ಮಣ್ಣನ್ನು ಕೈಯಲ್ಲಿ ಹಿಸುಕಿ, ಉಂಡೆ ಕಟ್ಟಿ, ಅದು ಒಡೆಯುವ ರೀತಿ ನೋಡಿ ಯಾವ ಹೊಲಕ್ಕೆ ಎಂದು ಹೇಳುತ್ತಿದ್ದರು. ಮರಳು ಹೊಲಕ್ಕೆ ಜಿಗುಟು ಗೋಡು, ಎರೆ ಹೊಲಕ್ಕೆ ಬೇಡ. ಕೆರೆಗೆ ಬಂದು ಸೇರಿದ ಹೂಳು ಮೇಲಿನ ಹೊಲಗಳಿಂದಲೇ ಕೊಚ್ಚಿ ಬಂದದ್ದು, ಅದನ್ನು ಮರಳಿ ಹೊಲಕ್ಕೆ ಸೇರಿಸಿದರೆ ಕೆರೆಯೂ ಆಳವಾಯಿತು, ಹೊಲವೂ ಚೇತರಿಸಿತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಈ ಭಾಗದಲ್ಲಿ ಕೆರೆ ಕಟ್ಟಿಸಿದ ಕಥೆಯನ್ನು ನಮ್ಮ ಕಡೆ ಮಕ್ಕಳೂ ಹೇಳುತ್ತವೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಆ ಮಣ್ಣು ಕೆಲಸದ ಜೊತೆಗೇ ಬೆಸೆದುಕೊಂಡಿದೆ. ಎತ್ತಿದ ಮಣ್ಣಿಗೆ ತಕ್ಕ ಕೂಲಿ. ಒಬ್ಬ ಸಂತ ಈ ಒಣ ನೆಲದಲ್ಲಿ ತನ್ನ ಧರ್ಮವೆಂದು ಆರಿಸಿಕೊಂಡದ್ದು ನೀರಿಗೆ ಜಾಗ ಮಾಡುವ ಕೆಲಸವನ್ನು.

ಹಾಗಾದರೆ ಕನ್ನಡನಾಡಿನಲ್ಲಿ ನೀರಿನ ನಡುವೆ ಏನೂ ಕಟ್ಟಿರಲಿಲ್ಲವೇ? ಕಟ್ಟಿದ್ದರು, ಸೊಗಸಾಗಿಯೇ ಕಟ್ಟಿದ್ದರು. ಕಾರ್ಕಳದ ಹತ್ತಿರ ವರಂಗದಲ್ಲಿ ಕೆರೆಬಸದಿ ಇದೆ, ದೋಣಿಯಲ್ಲೇ ಹೋಗಬೇಕು. ಕಾಸರಗೋಡಿನ ಕುಂಬಳೆಯ ಬಳಿ ಅನಂತಪುರದ ಗುಡಿ ನೀರಿನ ನಡುವೆ ನಿಂತಿದೆ. ಅಲ್ಲಿ ದಶಕಗಳ ಕಾಲ ಬಾಳಿದ ಬಬಿಯಾ ಎಂಬ ಮೊಸಳೆ 2022ರಲ್ಲಿ ಸತ್ತಾಗ ಊರಿಗೆ ಊರೇ ಅದರ ಅಂತ್ಯಕ್ರಿಯೆಗೆ ಸೇರಿತ್ತು. ಸಾಗರದ ಕಡೆಯ ಆನಂದಪುರದಲ್ಲಿ ಕೆಳದಿಯ ಕಾಲದ ಚಂಪಕಸರಸಿ ಇದೆ. ಮೆಟ್ಟಿಲುಗಳ ಕೊಳ, ನಡುವೆ ಪುಟ್ಟ ಗುಡಿ, ಅದಕ್ಕೊಂದು ಕಲ್ಲಿನ ಸೇತುವೆ. ಇವುಗಳಲ್ಲಿ ಯಾವುದನ್ನು ನೋಡಿದರೂ ನೀರಿನ ಹರವಿಗೂ ಕಟ್ಟಡದ ಅಳತೆಗೂ ಒಂದು ಸಂಕೋಚ ಕಾಣುತ್ತದೆ. ನಡುವಿನ ಜಾಗ ದೇವರಿಗೆ ಎಷ್ಟು ಬೇಕೋ ಅಷ್ಟೇ. ಮುಖ್ಯವಾಗಿ, ಇವು ದೇವರ ಕೊಳಗಳು. ಗದ್ದೆ ಉಣ್ಣಿಸುವ ಕೆರೆಯ ನೀರಿಗೆ ಕೈ ಹಾಕಿ ಮಾಡಿದವಲ್ಲ.

ವಿಹಾರಕ್ಕೆಂದೇ ನೀರಿನ ನಡುವೆ ಕಟ್ಟಿದ್ದರ ಹಳೆಯ ಮಾದರಿ ನೋಡಬೇಕಾದರೆ ವಿಜಯಪುರದ ಪೂರ್ವಕ್ಕೆ ಕುಮಟಗಿಗೆ ಹೋಗಬೇಕು. ಆದಿಲ್‌ಶಾಹಿಗಳ ಬೇಸಗೆಯ ತಾಣ. ಚೌಕದ ಕೊಳದ ನಡುವೆ ಮಂಟಪ, ಹೋಗಲು ಕಾಲುಸೇತುವೆ, ಮಂಟಪದ ಚಾವಣಿಯಿಂದ ನೀರು ಚಿಮ್ಮುವ ಕಾರಂಜಿ, ಗೋಡೆಯ ಮೇಲೆ ಚಿತ್ರಗಳು. ಪಕ್ಕದ ಕೆರೆಯ ನೀರನ್ನು ಕೊಳವೆಗಳಲ್ಲಿ ತಂದು ಈ ಸೊಗಸನ್ನು ನಡೆಸುತ್ತಿದ್ದರು. ಅದನ್ನು ಮಾಡಿದ ಕೈಗಳ ಜಾಣ್ಮೆಗೆ ನಾನು ತಲೆಬಾಗುತ್ತೇನೆ, ಆ ಒತ್ತಡದ ಲೆಕ್ಕವನ್ನು ಇಂದಿನ ಎಂಜಿನಿಯರನೂ ಕೂತು ಕಲಿಯಬೇಕು. 1686ರಲ್ಲಿ ಔರಂಗಜೇಬನಿಗೆ ವಿಜಯಪುರ ಬಿತ್ತು. ಕಾರಂಜಿಗೆ ನೀರೆತ್ತುವವರು ಹೋದರು, ಮಂಟಪ ಒಣ ನೆಲದಲ್ಲಿ ಉಳಿಯಿತು. ಕುಮಟಗಿಯ ಕೆರೆ ಮಾತ್ರ ಕೆರೆಯಾಗಿಯೇ ಉಳಿಯಿತು, ಏಕೆಂದರೆ ವಿಹಾರದ ಮಂಟಪವನ್ನು ಅದರ ಹೊಟ್ಟೆಯೊಳಗೆ ಕಟ್ಟದೆ ಹೊರಗೆ ಕಟ್ಟಿದ್ದರು.

ಮನುಷ್ಯನ ಕೈಯಿಂದ ಹುಟ್ಟಿ ಪ್ರವಾಸಿಗರನ್ನು ಸೆಳೆಯುವ ನಡುಗಡ್ಡೆಗಳಲ್ಲಿ ಕರ್ನಾಟಕದಲ್ಲೇ ಹೆಸರಾದದ್ದು ರಂಗನತಿಟ್ಟು. ಹದಿನೇಳನೇ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಕಟ್ಟೆ ಹಾಕಿಸಿದರು. ನೀರು ಏರಿದಾಗ ಎತ್ತರದ ನೆಲ ತಿಟ್ಟುಗಳಾಗಿ ಉಳಿಯಿತು. ಅಲ್ಲಿ ಹಕ್ಕಿ ಗೂಡು ಕಟ್ಟಿತು. ಸಲೀಂ ಅಲಿಯವರು ನೋಡಿ ಒತ್ತಾಯಿಸಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಯಾರೂ ಅಲ್ಲಿ ಮಣ್ಣು ಸುರಿದು ದ್ವೀಪ ಮಾಡಲಿಲ್ಲ. ಅಡ್ಡಕಟ್ಟೆ ಹಾಕಿದ್ದು ಗದ್ದೆಗೆ, ತಿಟ್ಟು ಹುಟ್ಟಿದ್ದು ತಾನಾಗಿ, ಬಂದ ಹಕ್ಕಿಯನ್ನು ಉಳಿಸಿಕೊಂಡದ್ದು ಮನುಷ್ಯನ ಹೆಚ್ಚುಗಾರಿಕೆ. ಪ್ರವಾಸಿಯ ದೋಣಿ ತಿಟ್ಟಿನ ಸುತ್ತ ಹೋಗುತ್ತದೆ, ತಿಟ್ಟಿನ ಮೇಲೆ ಯಾರನ್ನೂ ಇಳಿಸುವುದಿಲ್ಲ. ಅಷ್ಟಾದರೂ ದೊಡ್ಡ ಪ್ರವಾಹ ಬಂದಾಗ ತಿಟ್ಟುಗಳು ಕೊಚ್ಚುತ್ತವೆ, ಮರಳುಚೀಲ ಜೋಡಿಸಿ ಅವುಗಳ ಅಂಚು ಕಾಯಬೇಕಾಗುತ್ತದೆ. ನೂರಾರು ವರ್ಷದ ಮರಬೇರು ಹಿಡಿದ ನೆಲಕ್ಕೇ ಇಷ್ಟು ಆರೈಕೆ ಬೇಕಾದರೆ, ನಿನ್ನೆ ಟಿಪ್ಪರಿನಲ್ಲಿ ತಂದು ಸುರಿದ ಸಡಿಲ ಮಣ್ಣಿನ ಗತಿಯನ್ನು ಹೇಳಬೇಕಾಗಿಲ್ಲ. ಅದು ಅಲೆಗೆ ಕರಗಿ ಐದಾರು ಮಳೆಗಾಲದಲ್ಲಿ ಹೂಳಾಗಿ ತೂಬಿನ ಬಾಯಿಗೆ ಬರುತ್ತದೆ.

ಇನ್ನು ನಮ್ಮ ಹೊಳೆಯ ಮಾತು. ದ್ವೀಪದ ಮಾತಿನಲ್ಲಿ ಹೊಳೆ ಯಾಕೆ ಬಂತು ಎಂದರೆ, ಜಗತ್ತಿನ ದೊಡ್ಡ ಕೃತಕ ದ್ವೀಪಗಳಲ್ಲಿ ಹಲವು ಮರಳಿನಿಂದ ಆದವು. ಮರಳು ಹೋದ ಮೇಲೆ ನೆಲಕ್ಕೆ ಏನಾಗುತ್ತದೆ ಎಂಬುದನ್ನು ವೇದಾವತಿಯ ದಡದಲ್ಲಿ ಕಂಡವರು ನಾವು.

ವೇದಾವತಿ ಬಾಬಾಬುಡನ್ ಗಿರಿಯ ಕಡೆ ಹುಟ್ಟಿ, ವೇದಾ, ಆವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ, ಹೊಸದುರ್ಗ, ಹಿರಿಯೂರು ದಾಟಿ ನಮ್ಮ ತಾಲ್ಲೂಕಿನ ಪರಶುರಾಂಪುರದ ಕಡೆ ಬರುತ್ತದೆ. ಮುಂದೆ ಆಂಧ್ರದ ಭೈರವಾನಿತಿಪ್ಪ ಜಲಾಶಯ, ಆಮೇಲೆ ಬಳ್ಳಾರಿ ಸೀಮೆ, ಅಲ್ಲಿ ಅದರ ಹೆಸರು ಹಗರಿ, ಕೊನೆಗೆ ತುಂಗಭದ್ರೆ. ಹಿರಿಯೂರಿನ ಮೇಲೆ ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ 1898ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಗಿ 1907ಕ್ಕೆ ಮುಗಿಯಿತು. ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಕಟ್ಟೆಯ ಕೆಳಗಿನ ಹಿರಿಯೂರು ಹಸಿರಾಯಿತು. ಇನ್ನೂ ಕೆಳಗಿನ ಚಳ್ಳಕೆರೆಯ ಭಾಗಕ್ಕೆ ಹೊಳೆ ಬರುವುದು ಅಪರೂಪವಾಯಿತು. ಈ ಲಾಭನಷ್ಟದ ತಕ್ಕಡಿಯನ್ನು ನಾನು ಇಲ್ಲಿ ಹಿಡಿಯುವುದಿಲ್ಲ. ಕಟ್ಟೆಯಾದ ಮೇಲೂ ಹೊಳೆ ಪೂರ್ತಿ ಸಾಯಲಿಲ್ಲ ಎಂಬುದು ನಾನು ಹೇಳಬೇಕಾದ ವಿಷಯ. ಮೇಲೆ ನೀರಿಲ್ಲದಿದ್ದರೂ ಮರಳಿನೊಳಗೆ ಇತ್ತು.

ನನ್ನ ತಾಯಿಯ ತವರು ಹೊಳೆದಂಡೆಯ ಊರು. ಬೇಸಗೆಯಲ್ಲಿ ಅಲ್ಲಿಗೆ ಹೋದರೆ ನೀರು ತರುವುದು ಮಕ್ಕಳ ಪಾಲಿನ ಕೆಲಸ. ಹೊಳೆ ಅಂಗಳದಲ್ಲಿ ಮರಳನ್ನು ಕೈಯಿಂದ ತೋಡಬೇಕು. ಮೊಳದುದ್ದ ತೋಡುವವರೆಗೆ ಬಿಸಿ, ಆಮೇಲೆ ತಣ್ಣಗೆ, ಇನ್ನೂ ತೋಡಿದರೆ ಮರಳು ಕಪ್ಪಾಗಿ ಕೈಗೆ ಅಂಟುತ್ತದೆ. ಒರತೆ ಬಂತು ಎಂದು ಗೊತ್ತಾಗುವುದು ಕಣ್ಣಿಗಿಂತ ಮೊದಲು ಬೆರಳಿಗೆ. ಮೊದಲ ನೀರು ಬಗ್ಗಡ, ಕರಟದಲ್ಲಿ ಎತ್ತಿ ಚೆಲ್ಲಬೇಕು. ಎರಡನೆಯದನ್ನೂ ಚೆಲ್ಲಬೇಕು. ಮೂರನೆಯ ಸಲ ಸುತ್ತಲಿನ ಮರಳಿನಿಂದ ನೀರು ನಿಧಾನಕ್ಕೆ ಜಿನುಗಿ ತಳದ ಮರಳಿನ ಕಣ ಎಣಿಸುವಷ್ಟು ತಿಳಿಯಾಗಿ ನಿಲ್ಲುತ್ತದೆ. ಕರಟ ಕರಟವಾಗಿ ಕೊಡ ತುಂಬಿಸಿ, ಹೊರಡುವಾಗ ನಾಯಿ ಬಾಯಿ ಹಾಕದಂತೆ ಗುಂಡಿಗೆ ಮುಳ್ಳಿನ ಕೊಂಬೆ ಮುಚ್ಚಬೇಕು. ಆ ನೀರನ್ನು ಸೋಸುತ್ತಿರಲಿಲ್ಲ, ಕಾಯಿಸುತ್ತಲೂ ಇರಲಿಲ್ಲ.

ಇದೇ ಒರತೆಯ ದೊಡ್ಡ ರೂಪ ತಲಪರಿಗೆ. ಪಾವಗಡ, ಮಧುಗಿರಿ, ಸಿರಾ, ಚಳ್ಳಕೆರೆಯ ಕಡೆ ಹೊಳೆ ಹಳ್ಳಗಳ ಮರಳಿನಲ್ಲಿ ಊಟೆ ಇರುವ ಜಾಗ ಗುರುತಿಸಿ, ಅಗೆದು, ಕಲ್ಲು ಕಟ್ಟಿ, ಅಲ್ಲಿಂದ ಕಾಲುವೆ ಎಳೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ಎತ್ತಬೇಕಾಗಿಲ್ಲ, ನೀರು ತನ್ನ ಪಾಡಿಗೆ ಹರಿದು ಬರುತ್ತಿತ್ತು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಹೂಳು ತೆಗೆಯುವುದು, ಪಾಳಿಯ ಪ್ರಕಾರ ನೀರು ಹಂಚಿಕೊಳ್ಳುವುದು. ಇದರ ಹಿಂದಿನ ಲೆಕ್ಕ ಸರಳ: ಮರಳಿನ ಗಾತ್ರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಖಾಲಿ ಜಾಗ, ಅದರಲ್ಲಿ ನೀರು ಕೂರುತ್ತದೆ. ಮೇಲಿನ ಎರಡು ಅಡಿ ಒಣಗಿದ ಮೇಲೆ ಕೆಳಗಿನ ನೀರನ್ನು ಬಿಸಿಲು ಮುಟ್ಟುವುದು ತೀರ ಕಡಿಮೆ. ಕೆರೆಯ ನೀರು ಆವಿಯಾದಂತೆ ಅದು ಆಗುವುದಿಲ್ಲ. ನಮ್ಮಂಥ ಸೀಮೆಗೆ ಇದಕ್ಕಿಂತ ಒಳ್ಳೆಯ ನೀರಿನ ತೊಟ್ಟಿ ಇಲ್ಲ.

ಆ ಮರಳು ರಾತ್ರಿ ಲಾರಿಗಳಲ್ಲಿ ಬೆಂಗಳೂರಿಗೆ ಹೋಯಿತು. ಊರ ಬೀದಿಯಲ್ಲಿ ಒಂದರ ಹಿಂದೊಂದು ಲಾರಿ ಹೋಗುತ್ತಿದ್ದ ಕಾಲವನ್ನು ಹೊಳೆದಂಡೆಯವರು ಮರೆತಿಲ್ಲ. ಚಿಕ್ಕ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳುವ ಹೊತ್ತಿಗೆ ಎಷ್ಟೋ ಕಡೆ ಹೊಳೆಯ ತಳದ ಜೇಡಿ ಕಾಣುತ್ತಿತ್ತು. ಜೇಡಿಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಇಂಗುವುದಿಲ್ಲ. ತಲಪರಿಗೆಗಳು ಬತ್ತಿದವು, ದಂಡೆಯ ಬಾವಿಗಳು ಬತ್ತಿದವು, ಬೋರ್‌ವೆಲ್ಲುಗಳು ನೂರಾರು ಅಡಿ ಇಳಿದವು. ನನ್ನ ತಾಯಿಯ ತವರಿನಲ್ಲಿ ಈಗ ಕುಡಿಯುವ ನೀರನ್ನು ಕ್ಯಾನಿನಲ್ಲಿ ಕೊಳ್ಳುತ್ತಾರೆ.

ಈ ಅನುಭವ ಇಟ್ಟುಕೊಂಡು ದುಬೈ ಕಡೆ ನೋಡಿದರೆ ಅಲ್ಲಿಯ ದ್ವೀಪಗಳು ಬೇರೆಯಾಗಿಯೇ ಕಾಣುತ್ತವೆ. ಅಲ್ಲಿ ದುಡಿಯಲು ಹೋದ ನಮ್ಮ ಕಡೆಯ ಹುಡುಗರು ಕಳಿಸುವ ವಿಡಿಯೋಗಳಲ್ಲಿ ತಾಳೆಮರದ ಆಕಾರದ ಆ ದ್ವೀಪ ಇದ್ದೇ ಇರುತ್ತದೆ. ಪಾಮ್ ಜುಮೇರಾದ ಕೆಲಸ 2001ರಲ್ಲಿ ಶುರುವಾಯಿತು. ಅದಕ್ಕೆ ಸುರಿದ ಮರಳು 9.4 ಕೋಟಿ ಘನ ಮೀಟರ್. ಸುತ್ತಲೂ ಮರಳುಗಾಡು ಇದ್ದರೂ ಆ ಮರಳು ಒದಗಲಿಲ್ಲ. ಗಾಳಿಗೆ ಉರುಳಿ ನುಣುಪಾದ ಕಣಗಳು ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವುದಿಲ್ಲ. ಹಾಗಾಗಿ ಕೊಲ್ಲಿಯ ತಳವನ್ನೇ ಬಗೆದು ಹೀರಿ ತಂದರು. ಬಗೆದ ಕಡೆ ತಳದ ಜೀವಗಳು ಹೋದವು, ಸುರಿದ ಕಡೆ ಹವಳವೂ ಕಡಲಹುಲ್ಲೂ ಹೂತುಹೋದವು, ಎದ್ದ ರಾಡಿ ಇನ್ನಷ್ಟು ದೂರದವರೆಗೆ ಬೆಳಕು ಮುಚ್ಚಿತು. ಅಲೆ ತಡೆಯಲು 11 ಕಿಲೋಮೀಟರಿನ ಅರ್ಧಚಂದ್ರದ ಕಲ್ಲುಗೋಡೆ ಕಟ್ಟಿದರು. ಒಳಗೆ ನಿಂತ ನೀರು ಕೊಳೆಯುವ ಹಾಗಿದ್ದದ್ದರಿಂದ ಗೋಡೆಯನ್ನು ಸೀಳಿ ಹರಿವಿಗೆ ದಾರಿ ಮಾಡಬೇಕಾಯಿತು. ಭೂಪಟದ ಆಕಾರದಲ್ಲಿ ಸುಮಾರು 300 ದ್ವೀಪಗಳ ಇನ್ನೊಂದು ಯೋಜನೆಗೆ 2003ರಲ್ಲಿ ಕೈ ಹಾಕಿದರು. 2008ರ ಆರ್ಥಿಕ ಕುಸಿತ ಬಂತು. ಅವುಗಳಲ್ಲಿ ಹೆಚ್ಚಿನವು ಬರಿಯ ಮರಳುಗುಡ್ಡೆಗಳಾಗಿಯೇ ಉಳಿದವು.

ಸಿಂಗಪುರ ಪ್ರವಾಸಕ್ಕಲ್ಲ, ಬದುಕುವ ಜಾಗಕ್ಕಾಗಿ ಕಡಲು ತುಂಬಿಸಿತು. ಅದಕ್ಕೆ ಮರಳು ಕೊಟ್ಟ ಇಂಡೋನೇಷ್ಯಾ ತನ್ನ ದ್ವೀಪಗಳೇ ಸವೆಯುವುದನ್ನು ಕಂಡು 2007ರಲ್ಲಿ ರಫ್ತು ನಿಲ್ಲಿಸಿತು. ಒಂದು ಕಡೆ ದ್ವೀಪ ಏಳಲು ಇನ್ನೊಂದು ಕಡೆ ದ್ವೀಪ ಕರಗಬೇಕು. ಮರಳು, ಜಲ್ಲಿ ಎಲ್ಲ ಸೇರಿ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಹೇಳುತ್ತದೆ. ನಮ್ಮ ವೇದಾವತಿಯ ಮರಳು ಆ ಲೆಕ್ಕದೊಳಗೇ ಎಲ್ಲೋ ಇದೆ.

ಅಷ್ಟು ದೂರ ಬೇಡವೆಂದರೆ ಹೈದರಾಬಾದ್ ಇದೆ. ಕುತುಬ್‌ಶಾಹಿಗಳು 1562ರ ಹೊತ್ತಿಗೆ ಕಟ್ಟಿಸಿದ ಹುಸೇನ್ ಸಾಗರದ ನಡುವಿನ ಬಂಡೆಯ ಮೇಲೆ ಪೀಠ ಎಬ್ಬಿಸಿ ಸುಮಾರು 58 ಅಡಿಯ ಏಕಶಿಲೆಯ ಬುದ್ಧನನ್ನು ನಿಲ್ಲಿಸಿದರು. 1990ರ ಮಾರ್ಚಿನಲ್ಲಿ ಸಾಗಿಸುವಾಗ ದೋಣಿ ವಾಲಿ ಪ್ರತಿಮೆ ಮುಳುಗಿತು, ಜೊತೆಗೆ ಕೆಲಸಗಾರರ ಜೀವಗಳೂ ಹೋದವು. ನೀರೊಳಗಿನಿಂದ ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರಿನಲ್ಲಿ. ಲಕ್ಷಾಂತರ ಜನ ನೋಡುತ್ತಾರೆ, ಪ್ರತಿಮೆ ಸುಂದರವಾಗಿಯೇ ಇದೆ. ಅದರ ಕಾಲಬುಡದ ನೀರಿಗೆ ನಗರದ ಕೊಳಚೆ ಸೇರುವುದು ಮಾತ್ರ ನಿಲ್ಲಲಿಲ್ಲ. ದೋಣಿಯವರಿಗೆ ನೀರಿನ ಮೇಲ್ಮೈ ಸಾಕು, ನೀರಿನ ಗುಣ ಬೇಕಾಗಿಲ್ಲ. ವಿಹಾರದ ಕೆರೆಗಳ ಕಷ್ಟವೆಲ್ಲ ಇದರಲ್ಲೇ ಇದೆ.

ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲಿ 1990ರ ದಶಕದ ಕೊನೆಯಲ್ಲಿ ನಾರ್ವೆಯ ನೆರವಿನೊಂದಿಗೆ ಹೂಳೆತ್ತಿ, ಅಲ್ಲಿಯ ಹೂಳನ್ನೇ ಗುಡ್ಡೆ ಹಾಕಿ ಹಕ್ಕಿಗಳಿಗೆ ನಡುಗಡ್ಡೆ ಮಾಡಿದರು. ಆ ಕೆಲಸವನ್ನು ನಾನು ತಪ್ಪೆನ್ನುವುದಿಲ್ಲ. ಅದೇ ಕೆರೆಯ ಮಣ್ಣು ಅದೇ ಕೆರೆಯಲ್ಲಿ ಜಾಗ ಬದಲಿಸಿದರೆ ನೀರಿನ ಸಾಮರ್ಥ್ಯ ಕುಗ್ಗುವುದಿಲ್ಲ, ನೀರಿನ ಮೇಲೆ ಎದ್ದ ಪಾಲಿನಷ್ಟು ಹೆಚ್ಚುತ್ತದೆ. ಹಕ್ಕಿಗೆ ನಾಯಿ, ಮನುಷ್ಯರ ಕಾಟವಿಲ್ಲದ ನೆಲವೂ ಸಿಕ್ಕಿತು. ಆಮೇಲೆ ಬೆಂಗಳೂರಿನ ಕೆಲವು ಕೆರೆಗಳನ್ನು ದೋಣಿವಿಹಾರ, ಉದ್ಯಾನಕ್ಕೆಂದು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ಜನ ಎದ್ದರು. ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋಯಿತು. ಕೆರೆಯು ಊರಿನ ಸೊತ್ತು, ಮಾರಾಟದ ಸರಕಲ್ಲ ಎಂಬ ವಾದ ನ್ಯಾಯಾಲಯದಲ್ಲಿ ನಿಂತಿತು. ಕೆರೆಗಳನ್ನು ಕಾಯಲು ಹೈಕೋರ್ಟ್ 2012ರಲ್ಲಿ ಆದೇಶ ಕೊಟ್ಟದ್ದು ಹಾಗೆ. ಕೆರೆಗಳ ಸಂರಕ್ಷಣೆಗೆಂದೇ 2014ರಲ್ಲಿ ರಾಜ್ಯದಲ್ಲಿ ಕಾಯ್ದೆಯೂ ಆಯಿತು. ಆದರೆ ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರಿಗೆ, ನೀರಾವರಿಗೆ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಹೊರಗಿಟ್ಟಿವೆ. ನಮ್ಮ ಸೀಮೆಯಲ್ಲಿ ಮನುಷ್ಯರು ಕಟ್ಟದ ಕೆರೆ ಯಾವುದಿದೆ? ಹೀಗಾಗಿ ಕಾಯುವ ಹೊಣೆ ಹೆಚ್ಚಾಗಿ ಊರವರ ತಲೆ ಮೇಲೇ ಬರುತ್ತದೆ.

ನಕ್ಷೆಯ ವಿಚಾರಕ್ಕೆ ಬರುತ್ತೇನೆ. ಊರವರು ಸೇರಿದ್ದ ದಿನ ನಾನು ಶಾಸನದ ಮಾತು ಎತ್ತಲಿಲ್ಲ, ಲೆಕ್ಕ ಹಾಕಿ ತೋರಿಸಿದೆ. ನೀರಿನ ಮಟ್ಟದಲ್ಲಿ ಒಂದು ಎಕರೆ ಇರುವ ದ್ವೀಪ. ಆಳ ಹತ್ತು ಅಡಿ. ಮಣ್ಣು ನೆಟ್ಟಗೆ ನಿಲ್ಲುವುದಿಲ್ಲ, ಒಂದಕ್ಕೆ ಎರಡರಂತೆ ಇಳಿಜಾರು ಬೇಕು, ಆದ್ದರಿಂದ ಬುಡ ಒಂದೂ ಕಾಲು ಎಕರೆಯನ್ನೂ ಮೀರುತ್ತದೆ. ಒಟ್ಟು ಸುಮಾರು 14,500 ಘನ ಮೀಟರ್ ಮಣ್ಣು. ಆರು ಘನ ಮೀಟರಿನ ಟಿಪ್ಪರಿನಲ್ಲಿ 2,400 ಲೋಡಿಗೂ ಹೆಚ್ಚು. ಅಷ್ಟೇ ಗಾತ್ರದ ನೀರು ಕೆರೆಯಿಂದ ಖಾಯಂ ಆಚೆಗೆ, ಎಂದರೆ ಒಂದು ಕೋಟಿ ನಲವತ್ತೈದು ಲಕ್ಷ ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಸರ್ಕಾರವೇ ಅಳತೆ ಇಟ್ಟಿದೆ. ಆ ಪ್ರಕಾರ ಸಾವಿರ ಜನರ ಹಳ್ಳಿಗೆ ಎಂಟೂವರೆ ತಿಂಗಳಿಗೂ ಮೀರಿದ ನೀರು. ಮಣ್ಣನ್ನು ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ನಕ್ಷೆಯಲ್ಲಿ ಅದಕ್ಕೆ ಸಾಲು ಇರಲಿಲ್ಲ. ಹತ್ತಿರದ ಗುಡ್ಡದಿಂದ ಎಂದರು ಒಬ್ಬರು. ಆ ಗುಡ್ಡದ ನೀರೇ ಕೆರೆಗೆ ಬರುವುದು ಎಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಕುರಿ ಕಾಯುವ ಹಿರಿಯರೊಬ್ಬರು ಹೇಳಿದರು. ಆಮೇಲೆ ಯಾರೂ ಬಹಳ ಮಾತಾಡಲಿಲ್ಲ. ನಕ್ಷೆ ಕಡತ ಸೇರಿದೆ, ರದ್ದಾಗಿಲ್ಲ.

ಊರಿಗೆ ಜನ ಬರಲಿ ಎಂಬ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಶೇಂಗಾ ಕೈಕೊಟ್ಟ ಮೇಲೆ ಬೆಂಗಳೂರಿಗೆ ಕೂಲಿಗೆ ಹೋದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ದುಡಿಮೆ ಇಲ್ಲೇ ಸಿಕ್ಕರೆ ಯಾರಿಗೆ ಬೇಡ? ಜನ ನೋಡಲು ಬರುವಂಥದ್ದು ನಮ್ಮಲ್ಲಿ ಇಲ್ಲವೇ? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದರು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಇವತ್ತಿಗೂ ರೇಷ್ಮೆ ನೇಯುತ್ತಾರೆ. ಇವುಗಳಿಗೆ ಸರಿಯಾದ ದಾರಿ, ನೆರಳು, ಶೌಚಾಲಯ, ವಿವರ ಹೇಳುವ ಒಬ್ಬ ಊರಿನ ಹುಡುಗ ಅಥವಾ ಹುಡುಗಿ, ಇಷ್ಟನ್ನು ಮಾಡಿ ನೋಡಬಹುದು. ಕೆರೆಯ ಮಟ್ಟಿಗೆ ಹೇಳುವುದಾದರೆ, 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಸಾವಿರಾರು ಜನ ಬಂದು ನಿಂತರು, ಅಲ್ಲಿ ಪ್ರತಿಮೆಯೂ ಇರಲಿಲ್ಲ, ಬಣ್ಣದ ದೀಪವೂ ಇರಲಿಲ್ಲ. ತುಂಬಿದ ನೀರನ್ನು ನೋಡಲು ಬಂದರು. ನಮ್ಮ ಏರಿಯ ಮೇಲೆ ನಾಲ್ಕು ಕಲ್ಲುಬೆಂಚು ಹಾಕಿ, ಏರಿಯಿಂದಾಚೆ ನೆರಳಿನ ಮರ ಬೆಳೆಸಿ. ಹಿನ್ನೀರಿನಲ್ಲಿ ಹಿಂದೆ ನೆಟ್ಟ ಜಾಲಿಮರಗಳು ಈಗ ನೀರೊಳಗೆ ನಿಂತಿವೆ, ಬೆಳ್ಳಕ್ಕಿಗಳು ಸಂಜೆ ಅಲ್ಲಿಗೇ ಇಳಿಯುತ್ತವೆ. ಆ ಜಾಗವನ್ನು ಅವುಗಳ ಪಾಲಿಗೆ ಬಿಡಿ. ಬೇಸಗೆಯಲ್ಲಿ ಅಂಗಳದ ಗೋಡು ಹೊಲಗಳಿಗೆ ಹೋಗಲಿ.

ನಿಮ್ಮ ಊರಿನ ಕೆರೆಗೂ ಇಂಥ ನಕ್ಷೆ ಬಂದಿದ್ದರೆ, ಅಥವಾ ನಾಳೆ ಬಂದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಪ್ರಶ್ನೆ ಕೇಳಿ: ಈ ಮಣ್ಣು ಎಲ್ಲಿಂದ ಬರುತ್ತದೆ, ಎಷ್ಟು ಲೀಟರ್ ನೀರು ಇದರಿಂದ ಆಚೆ ಹೋಗುತ್ತದೆ? ಎರಡಕ್ಕೂ ಉತ್ತರವನ್ನು ಅಂಕಿಗಳಲ್ಲಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆಯುವವರೆಗೆ ಸಹಿ ಹಾಕಬೇಡಿ.